ಶುಗರ್, ಸ್ಟೆಂಟ್ ಎರಡೂ ಇದ್ದರೆ ಲಾಂಗ್ ಟರ್ಮ್ ಕೇರ್ ಇನ್ಶೂರೆನ್ಸ್ ಸಿಗುತ್ತಾ?

ಬಾಥೆಲ್_ಭಾವ: ಸಿಯಾಟಲ್ ಹತ್ತಿರ ಇದ್ದೇನೆ, ವಯಸ್ಸು 58. ಶುಗರ್ ಬಂದು 12 ವರ್ಷ, 2021ರಲ್ಲಿ ಒಂದು ಸ್ಟೆಂಟ್. ಇತ್ತೀಚೆಗೆ ಒಂದು ಕಂಪನಿಗೆ ಈ ಇನ್ಶೂರೆನ್ಸ್‌ಗೆ (ಮುಂದೆ ಸ್ನಾನ, ಬಟ್ಟೆಗೆಲ್ಲ ಜನ ಬೇಕಾದರೆ ಖರ್ಚು ಕೊಡುವಂಥದ್ದು) ಅರ್ಜಿ ಹಾಕಿದ್ದೆ. ಫೋನಿನಲ್ಲಿ ನರ್ಸ್ ಹತ್ತು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಂಡು ಹೇಳಿ ಎಂದರು. ಏಳು ಹೇಳಿದೆ, ಪಾಸಾದೆ ಅಂತ ಖುಷಿಪಟ್ಟೆ! ಮೂರು ವಾರಕ್ಕೆ ‘ಆಗುವುದಿಲ್ಲ’ ಅಂತ ಕಾಗದ ಬಂತು. ಮುಂದೆ 65ಕ್ಕೆ ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಬರುತ್ತಲ್ಲ, ಸುಮ್ಮನಿರಲಾ?

ಮಳೆನಾಡಿಗ: ಮೆಡಿಕೇರ್ ನಂಬಿ ಕೂರಬೇಡಿ ಸಾರ್. ಆಸ್ಪತ್ರೆಯಿಂದ ಬಂದ ಮೇಲೆ ನರ್ಸಿಂಗ್ ಹೋಮಿಗೆ ಹೆಚ್ಚೆಂದರೆ 100 ದಿನ, ಅದೂ 20 ದಿನದ ನಂತರ ನಿಮ್ಮ ಕೈಯಿಂದಲೂ ಹೋಗುತ್ತೆ. ವರ್ಷಗಟ್ಟಲೆ ಸ್ನಾನ ಮಾಡಿಸಲು, ಬಟ್ಟೆ ಹಾಕಿಸಲು ಜನ ಬೇಕಾದರೆ ಅದು ಕೊಡುವುದಿಲ್ಲ. ಇನ್ನೊಂದು ಕಡೆ ಸುಮ್ನೆ ಅರ್ಜಿ ಹಾಕಲೂ ಬೇಡಿ. ‘ಹಿಂದೆ ಯಾರಾದರೂ ಬೇಡ ಅಂದಿದ್ದಾರಾ’ ಅಂತ ಕೇಳುತ್ತಾರೆ. ಬ್ರೋಕರ್ ಮೂಲಕ ಹೆಸರು ಹೇಳದೆ, ಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್), ಮಾತ್ರೆಗಳ ಪಟ್ಟಿ ಕೊಟ್ಟು ಮೊದಲು ವಿಚಾರಿಸಿ.

ರೆಡ್ಮಂಡ್_ಅಕ್ಕ: ಪೇ ಸ್ಲಿಪ್ ನೋಡಿದ್ದೀರಾ? 2023ರ ಜುಲೈಯಿಂದ ಸಂಬಳದಲ್ಲಿ 0.58% ಡಬ್ಲ್ಯೂಎ ಕೇರ್ಸ್‌ಗೆ, ಅಂದರೆ ನಮ್ಮ ವಾಷಿಂಗ್ಟನ್ ರಾಜ್ಯದ ಸ್ವಂತ ಲಾಂಗ್ ಟರ್ಮ್ ಕೇರ್ ಯೋಜನೆಗೆ, ಹೋಗುತ್ತೆ. ಅಲ್ಲಿ ಕಾಯಿಲೆ ವಿಷಯ ಕೇಳುವುದೇ ಇಲ್ಲ. ಜೀವಮಾನಕ್ಕೆ 36,500 ಡಾಲರ್. ಜಾಸ್ತಿ ಏನಲ್ಲ, ಆದರೂ ಮನೆಗೆ ಬರುವ ಸಹಾಯಕರಿಗೆ ಆಗುತ್ತೆ. ನಮ್ಮವರು ಆಗ ಜಾಣತನ ಅಂತ ಇದರಿಂದ ಹೊರಗಿರಲು ಎಕ್ಸೆಂಪ್ಷನ್ ತಗೊಂಡರು, ಈಗ ಪೆಚ್ಚುಮೋರೆ. ನೀವು ತಗೊಂಡಿಲ್ಲ ಅಲ್ವಾ?

ಬಾಥೆಲ್_ಭಾವ: ಇಲ್ಲ ಅಕ್ಕಾ, ಸೋಮಾರಿತನಕ್ಕೆ ಫಾರ್ಮ್ ತುಂಬಿರಲಿಲ್ಲ! ಹೆಂಡತಿಗೆ 55, ಯಾವ ಮಾತ್ರೆಯೂ ಇಲ್ಲ. ಅವಳ ಹೆಸರಲ್ಲಿ ಈ ವಾರವೇ ಬ್ರೋಕರ್‌ಗೆ ಫೋನ್ ಮಾಡುತ್ತೇನೆ.