ಆಲ್ಟರ್ನೇಟರ್ ರೋಟರ್ ಮರುಜೋಡಣೆ: ಕವರ್ ಪೂರ್ತಿ ಕೂರುತ್ತಿಲ್ಲ, ಒಳಗೆ ಉಜ್ಜುವ ಸದ್ದು

ಪ್ರಶ್ನೆ

ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನ ಸುಟ್ಟುಹೋದ ಸ್ಟೇಟರನ್ನು (ಕವರಿನೊಳಗೆ ತಿರುಗದೆ ಕೂರುವ ತಂತಿಸುರುಳಿ) ಬದಲಾಯಿಸಲು ನನ್ನ ಒಂಟಿ ಸಿಲಿಂಡರ್ ಬೈಕಿನ ಎಡಗಡೆಯ ಕವರ್ ಬಿಚ್ಚಿದ್ದೆ. ಹೇಗೂ ಬಿಚ್ಚಿದ್ದಾಗಿದೆ, ಸ್ಟಾರ್ಟರ್ ಕ್ಲಚ್ಚನ್ನೂ (ಸ್ಟಾರ್ಟರ್ ಮೋಟರನ್ನು ಎಂಜಿನ್ನಿಗೆ ಒಂದೇ ದಿಕ್ಕಿನಲ್ಲಿ ಕೂಡಿಸುವ ಭಾಗ) ನೋಡಿಬಿಡೋಣವೆಂದು ಪುಲ್ಲರ್ ಎಂಬ ಎಳೆಯುವ ಸಾಧನ ಹಾಕಿ, ಸ್ಟೇಟರಿನ ಸುತ್ತ ತಿರುಗುವ ಅಯಸ್ಕಾಂತದ ರೋಟರನ್ನು ಕ್ರ್ಯಾಂಕ್‌ಶಾಫ್ಟಿನಿಂದ ಹೊರತೆಗೆದೆ. ಈಗ ಎಲ್ಲವನ್ನೂ ಮರಳಿ ಜೋಡಿಸಿ, ರೋಟರಿನ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕಿಗೆ (ತಿರುಚುಬಲಕ್ಕೆ) ಬಿಗಿ ಮಾಡಿದ್ದೇನೆ. ಆದರೂ ಕವರ್ ಎಂಜಿನ್ನಿಗೆ ಒತ್ತಿ ಕೂರದೆ ಸುಮಾರು 2 ಮಿ.ಮೀ. ಸಂದು ಉಳಿಯುತ್ತಿದೆ. ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಪ್ರತಿ ಸುತ್ತಿಗೂ ಒಮ್ಮೆ ಕರ್ರೆಂದು ಉಜ್ಜಿದ ಸದ್ದು ಬರುತ್ತದೆ. ಮುಂದೆ ಬಿಚ್ಚುವಾಗ ಸುಲಭವಾಗಲೆಂದು ಶಾಫ್ಟಿನ ಟೇಪರಿಗೆ (ರೋಟರ್ ಕೂರುವ, ತುದಿಯತ್ತ ಸಣ್ಣದಾಗುತ್ತ ಹೋಗುವ ಭಾಗಕ್ಕೆ) ತೆಳುವಾಗಿ ಗ್ರೀಸ್ ಸವರಿದ್ದೆ. ಕವರಿನ ಬೋಲ್ಟುಗಳನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋದರೆ ಅದು ತಾನಾಗಿ ಕೂರುತ್ತದೆಯೇ?

ಮೊದಲ ಉತ್ತರ

ಖಂಡಿತ ಬಿಗಿಯಬೇಡಿ. ಕವರ್ ಅಲ್ಯೂಮಿನಿಯಮ್ಮಿನದು, ಬೋಲ್ಟಿನ ಬಲದಿಂದ ಎಳೆದರೆ ಅದರ ಕಿವಿ ಮುರಿಯುತ್ತದೆ, ಇಲ್ಲವೇ ಎಂಜಿನ್ ಕೇಸಿನಲ್ಲಿ ಬೋಲ್ಟ್ ಕೂರುವ ಮರೆಯೇ (ಥ್ರೆಡ್) ಕಿತ್ತುಬರುತ್ತದೆ. ಸಂದು ಉಳಿದಿದೆಯೆಂದರೆ ಸ್ಟಾರ್ಟರ್ ಮೋಟರಿಗೂ ಸ್ಟಾರ್ಟರ್ ಕ್ಲಚ್ಚಿಗೂ ನಡುವಿನ ಗಿಯರಿನ ಶಾಫ್ಟ್ ಕವರಿನ ತೂತಿಗೆ ಸರಿಯಾಗಿ ಇಳಿದಿಲ್ಲ, ಅಥವಾ ರೋಟರ್ ತನ್ನ ಜಾಗಕ್ಕೆ ಹೋಗಿಲ್ಲ. ಇವೆರಡರಲ್ಲಿ ಯಾವುದೆಂದು ತಿಳಿಯಲು ಸ್ಟೇಟರನ್ನು ಕವರಿನಿಂದ ಬಿಚ್ಚಿಟ್ಟು, ಬರೀ ಕವರನ್ನು ಕೂರಿಸಿ ನೋಡಿ. ಆಗ ಅದು ಸಲೀಸಾಗಿ ಕೂತರೆ ಗಿಯರಿನ ತಪ್ಪಿಲ್ಲ. ಸದ್ದು ಸುತ್ತಿಗೊಮ್ಮೆ ಬರುತ್ತಿರುವುದೂ ನನಗೆ ರೋಟರಿನ ಕಡೆಗೇ ಬೆರಳು ತೋರುತ್ತಿದೆ, ಏಕೆಂದರೆ ಎಂಜಿನ್ನನ್ನು ಮುಂದಕ್ಕೆ ತಿರುಗಿಸುವಾಗ ಸ್ಟಾರ್ಟರ್ ಕ್ಲಚ್ ಬಿಟ್ಟುಕೊಡುವುದರಿಂದ ಆ ಗಿಯರುಗಳು ತಿರುಗಬೇಕಾಗಿಯೇ ಇಲ್ಲ. ಕವರ್ ಹಾಕುವಾಗ ಬೆರಳು ಜೋಪಾನ. ರೋಟರಿನ ಅಯಸ್ಕಾಂತ ಕವರಿನೊಳಗಿನ ಸ್ಟೇಟರನ್ನು ಫಕ್ಕನೆ ಎಳೆದುಕೊಳ್ಳುತ್ತದೆ.

ಎರಡನೆಯ ಉತ್ತರ

ಗ್ರೀಸ್ ಸವರಿದ್ದು ತಪ್ಪಾಯಿತು. ರೋಟರನ್ನು ಹಿಡಿದಿಡುವುದು ಅದಕ್ಕೂ ಶಾಫ್ಟಿಗೂ ನಡುವೆ ಕೂರುವ ಅರ್ಧಚಂದ್ರಾಕಾರದ ವುಡ್ರಫ್ ಕೀಲಿ ಎಂದು ಬಹಳ ಜನ ನಂಬಿದ್ದಾರೆ, ಆದರೆ ಅದರ ಕೆಲಸ ರೋಟರನ್ನು ಸರಿಯಾದ ಕೋನದಲ್ಲಿ ನಿಲ್ಲಿಸುವುದಷ್ಟೆ. ಭಾರವನ್ನೆಲ್ಲ ಹೊರುವುದು ಟೇಪರಿನ ಎರಡು ಮುಖಗಳ ನಡುವಿನ ಘರ್ಷಣೆ, ಮತ್ತು ಆ ಮುಖಗಳು ಒಣಗಿ ಶುಚಿಯಾಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಎಣ್ಣೆಜಿಡ್ಡು ಉಳಿದಲ್ಲಿ ರೋಟರ್ ಜಾರಿ ಕೀಲಿ ತುಂಡಾಗಬಹುದು; ಇಗ್ನಿಷನ್ನಿಗೆ ಸಂಕೇತ ಕೊಡುವ ಉಬ್ಬು ಇರುವುದು ರೋಟರಿನ ಮೇಲೆಯೇ ಆದ್ದರಿಂದ, ಆಗ ಟೈಮಿಂಗ್ ಕೆಟ್ಟು ಎಂಜಿನ್ ಹಿಂದಕ್ಕೆ ಒದೆಯುತ್ತದೆ.

ನಿಮ್ಮ ತೊಂದರೆಯ ಮೂಲ ಆ ಕೀಲಿಯಲ್ಲೇ ಇದೆಯೆಂದು ನನ್ನ ಊಹೆ. ಅದು ಕೂರುವ ಶಾಫ್ಟಿನ ತೋಡು ಕಮಾನಿನಂತೆ ಬಾಗಿರುವುದರಿಂದ, ರೋಟರನ್ನು ಒಳಕ್ಕೆ ತಳ್ಳುವಾಗ ಕೀಲಿ ತೊಟ್ಟಿಲಿನ ಹಾಗೆ ತೂಗಿ ಅದರ ಒಂದು ತುದಿ ಮೇಲೇಳುತ್ತದೆ. ಎದ್ದ ತುದಿಯ ಮೇಲೆ ರೋಟರ್ ಹತ್ತಿ ನಿಂತರೆ ಟಾರ್ಕ್ ರೆಂಚ್ ಟಕ್ಕೆನ್ನುತ್ತದೆ, ನಾವು ಕೆಲಸ ಮುಗಿಯಿತೆಂದು ಎದ್ದುಬಿಡುತ್ತೇವೆ. ರೋಟರ್ ಬಿಚ್ಚಿ, ಎರಡೂ ಮುಖಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಕೀಲಿಯ ಬೆನ್ನು ಟೇಪರಿಗೆ ಸಮಾನಾಂತರವಾಗಿ ನಿಲ್ಲುವಂತೆ ಒತ್ತಿ ಕೂರಿಸಿದ ಮೇಲೆಯೇ ರೋಟರನ್ನು ನೇರವಾಗಿ ತಳ್ಳಿ. ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಎಣ್ಣೆಯೋ ಲಾಕಿಂಗ್ ಅಂಟೋ ಎಂಬುದನ್ನು ಕೈಪಿಡಿ ಹೇಳಿದಂತೆಯೇ ಅನುಸರಿಸಿ. ಬಿಗಿಯುವಾಗ ರೋಟರನ್ನು ಅದಕ್ಕೆಂದೇ ಇರುವ ಹಿಡಿಯುವ ಸಾಧನದಿಂದಲೇ ಹಿಡಿಯಿರಿ. ಸುತ್ತಿಗೆಯನ್ನಂತೂ ಹತ್ತಿರ ತರಬೇಡಿ. ಏಟು ಬಿದ್ದರೆ ಅಯಸ್ಕಾಂತ ಬಿರುಕುಬಿಡುತ್ತದೆ.

ಮೂರನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ. ಇನ್ನೊಂದನ್ನೂ ಗಮನಿಸಿ: ಬಿಚ್ಚಿಟ್ಟ ರೋಟರ್ ಮೇಜಿನ ಮೇಲಿನ ಕಬ್ಬಿಣದ ಚೂರನ್ನೆಲ್ಲ ಬಾಚಿಕೊಂಡಿರುತ್ತದೆ. ನಾನೊಮ್ಮೆ ಒಂದಿಡೀ ಸಂಜೆ ಹುಡುಕಿದ ಸಣ್ಣ ವಾಷರ್ ಕೊನೆಗೆ ಅಯಸ್ಕಾಂತಕ್ಕೆ ಅಂಟಿ ಕೂತಿತ್ತು. ಅಂಟುಪಟ್ಟಿಯನ್ನು ಒಳಮುಖಕ್ಕೆ ಒತ್ತಿ ಕಿತ್ತರೆ ಬಟ್ಟೆಗೆ ಸಿಗದ ಪುಡಿಯೂ ಬರುತ್ತದೆ. ಸ್ಟೇಟರಿನ ತಂತಿ ರೋಟರಿಗೆ ತಾಗದಂತೆ ಅದರ ಕ್ಲಿಪ್ಪನ್ನು ಮರೆಯದೆ ಹಾಕಿ.

ಕವರ್ ಮುಚ್ಚುವ ಮೊದಲೇ ಮಲ್ಟಿಮೀಟರ್ ಹಿಡಿಯಿರಿ. ಮೂರು ಹಳದಿ ತಂತಿಗಳಿದ್ದರೆ ಯಾವ ಎರಡರ ನಡುವೆಯೂ ಒಂದು ಓಮಿನ ಆಸುಪಾಸಿನ, ಪರಸ್ಪರ ಸಮನಾದ ಪ್ರತಿರೋಧ ಸಿಗಬೇಕು. ಯಾವುದಕ್ಕೂ ಸ್ಟೇಟರಿನ ಲೋಹದ ಮೈಗೂ ಸಂಪರ್ಕ ಇರಕೂಡದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಕಾಣಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಸ್ಟೇಟರ್ ತೆಗೆದು ನೋಡಿದಾಗ ಕವರ್ ಸಲೀಸಾಗಿ ಕೂತಿತು. ಬೋಲ್ಟ್ ಬಿಚ್ಚಿದರೆ, ಪುಲ್ಲರ್ ಬೇಕಾಗಬೇಕಿದ್ದ ರೋಟರ್ ಬರಿಗೈಗೇ ಕಳಚಿಬಂತು. ಕೀಲಿ ಓರೆಯಾಗಿ ನಿಂತಿತ್ತು, ಅದರ ಮೂಲೆ ಉಗುರಿಗೆ ತಡೆಯುವಷ್ಟು ಜಜ್ಜಿಹೋಗಿತ್ತು. ರೋಟರಿನ ತೋಡಿನೊಳಗೂ ಹೊಳೆಯುವ ಗೀರೊಂದು ಎದ್ದಿತ್ತು. ಗೀರಿನ ಉಬ್ಬನ್ನಷ್ಟೇ ಸಣ್ಣ ಅರದಿಂದ ಉಜ್ಜಿ, ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಟೇಪರಿನ ಗ್ರೀಸನ್ನೆಲ್ಲ ಒರೆಸಿ, ಹೊಸ ಕೀಲಿ ಹಾಕಿದೆ. ಈ ಸಲ ರೋಟರ್ ಕಣ್ಣಿಗೆ ಕಾಣುವಷ್ಟು ಒಳಕ್ಕೆ ಹೋಯಿತು, ಬೋಲ್ಟ್ ಹಾಕುವ ಮೊದಲೇ ಅಲುಗಾಡದೆ ನಿಂತಿತು. ಸದ್ದಿಲ್ಲ, ಬ್ಯಾಟರಿಯಲ್ಲಿ 14.1 ವೋಲ್ಟ್ ಬರುತ್ತಿದೆ. ತಂತಿ ಹೊರಬರುವ ರಬ್ಬರಿನ ಬಳಿ ಎಣ್ಣೆ ಚೂರು ಜಿನುಗುತ್ತಿದೆ, ಅಲ್ಲಿಗೆ ಸೀಲೆಂಟ್ ಹಚ್ಚುವುದನ್ನು ಮರೆತಿದ್ದೆ. ಕವರನ್ನು ನಾಳೆ ಮತ್ತೊಮ್ಮೆ ಬಿಚ್ಚಬೇಕು.