ಅಪ್ಪಾಜಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸೆಪ್ಟೆಂಬರ್‌ನಾಗೆ ತಪ್ಪೋಯ್ತು, ಅಡಿಕೆ ತೋಟನೂ ಐತೆ, ಈಗ ಏನ್ ಮಾಡ್ಬೇಕು?

ಚನ್ನಗಿರಿ_ಮಗಳು (9 ಡಿಸೆಂಬರ್ 2025)
ಎಲ್ರಿಗೂ ನಮಸ್ಕಾರ. ನಮ್ಮಪ್ಪಾಜಿ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, 68 ವರ್ಷ, ದಾವಣಗೆರೆ ವಿದ್ಯಾನಗರದಾಗೆ ನಮ್ಮ ಜೊತೆಗೇ ಇದಾರೆ. 2024-25ರಾಗೆ ಪೆನ್ಷನ್ 4,80,000 ಬಂದೈತೆ, ಎಫ್‌ಡಿ ಬಡ್ಡಿ 1,20,000, ಅದ್ರಾಗೆ ಬ್ಯಾಂಕ್ನೋರು 12,000 ಟಿಡಿಎಸ್ (ಮುಂಚೇನೇ ಹಿಡಿಯೋ ತೆರಿಗೆ) ಹಿಡ್ದಾರೆ. ಚನ್ನಗಿರಿ ಹತ್ರ ಅಡಿಕೆ ತೋಟ ಐತೆ, ಖೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟಿದ್ವಿ, ಗೊಬ್ಬರ ಆಳು ಎಲ್ಲ ಖರ್ಚು ಕಳೆದು ಮೂರೂವರೆ ಲಕ್ಷ ಉಳೀತು. ಸೆಪ್ಟೆಂಬರ್‌ನಾಗೆ ಅವ್ವಗೆ ಆಪರೇಷನ್ ಆತು, ಆ ಓಡಾಟದಾಗೆ ರಿಟರ್ನ್ ವಿಷಯ ಯಾರಿಗೂ ನೆನಪಾಗ್ಲಿಲ್ಲ. ಪಕ್ಕದ್ಮನೆ ಅಂಕಲ್ ಕೇಳಿದ್ರೆ 7 ಲಕ್ಷದೊಳಗೆ ತೆರಿಗೆನೇ ಇಲ್ಲ, ಯಾಕ್ ಹಾಕ್ತೀರಿ ಬಿಡ್ರಿ ಅಂತಾರೆ. ಹಂಗೇ ಬಿಡಬೋದಾ? ಆ 12,000 ವಾಪಸ್ ಬರುತ್ತಾ? ಅಪ್ಪಾಜಿ ದಿನಾ ಕೇಳ್ತಾರೆ, ನಂಗೆ ಏನ್ ಹೇಳ್ಬೇಕೋ ತಿಳೀವಲ್ದು.

ಕೋಟೆ_ಬಾಗ್ಲು
ಅಕ್ಕ, ಪೆನ್ಷನ್ನು ಬಡ್ಡಿ ಅಷ್ಟೇ ಅಂದ್ರೆ ಐಟಿಆರ್-1 ಫಾರಂ ಸಾಕು, ಹತ್ತು ನಿಮಿಷದ ಕೆಲ್ಸ. ಅಡಿಕೆ ದುಡ್ಡು ಕೃಷಿದಲ್ವಾ, ಅದಕ್ಕೆ ತೆರಿಗೆ ಇಲ್ಲ, ಬರೆಯೋ ಅಗತ್ಯನೇ ಇಲ್ಲ ಅನ್ಸುತ್ತೆ. ನಮ್ಮೂರ ಕಡೆ ಯಾರೂ ಬರೆಯಲ್ಲ.

ಲೆಕ್ಕದ_ಪಟ್ಟಿ
ಕೋಟೆ ಬಾಗ್ಲು ಅವ್ರೆ, ಒಳ್ಳೆ ಮನಸಿಂದ ಹೇಳಿದೀರಿ ಆದ್ರೆ ಇದು ತಪ್ಪಾಗುತ್ತೆ. ನಾನು ದಾವಣಗೆರೆನಾಗೆ ಹನ್ನೊಂದು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ, ಪ್ರತಿ ವರ್ಷ ತೋಟ ಇರೋರ ರಿಟರ್ನ್‌ನಾಗೆ ಇದೊಂದೇ ತಪ್ಪು ತಿದ್ದೋದಾಗೈತೆ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಅನ್ನೋದು ನಿಜ, ಆದ್ರೆ ಅದನ್ನ ರಿಟರ್ನ್‌ನಾಗೆ ತೋರಿಸ್ಲೇಬೇಕು. ಕೃಷಿ ಆದಾಯ 5,000 ದಾಟಿದ್ರೆ ಐಟಿಆರ್-1 ಹಾಕೋಕೆ ಬರಲ್ಲ, ನಿಮ್ಮಪ್ಪಾಜಿಗೆ ಐಟಿಆರ್-2. ನಾಳೆ ಯಾರಾದ್ರೂ ಖಾತೆಗೆ ಬಂದ ಈ ದುಡ್ಡು ಎಲ್ಲಿದು ಅಂತ ಕೇಳಿದ್ರೆ ಪಹಣಿ, ಖೇಣಿ ಚೀಟಿ, ಈ ರಿಟರ್ನು, ಇಷ್ಟೇ ಕೈ ಹಿಡಿಯೋದು.

ಈಗ ನಿಮ್ಮ ಲೆಕ್ಕ. ಪೆನ್ಷನ್‌ಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದ್ರೆ 4,05,000, ಬಡ್ಡಿ ಕೂಡಿಸಿ 5,25,000. ಹೊಸ ತೆರಿಗೆ ಪದ್ಧತಿನಾಗೆ ಆ ವರ್ಷದ ವಿನಾಯ್ತಿ ಮಿತಿ 3 ಲಕ್ಷ, ಅದು ದಾಟೈತೆ, ಅಂದ್ಮೇಲೆ ರಿಟರ್ನ್ ಕಡ್ಡಾಯ. 7 ಲಕ್ಷ ಅನ್ನೋದು ಆ ವರ್ಷದ ರಿಬೇಟ್ (ತೆರಿಗೆ ಮಾಫಿ) ಮಿತಿ, ರಿಟರ್ನ್ ಹಾಕೋ ಮಿತಿ ಅಲ್ಲ, ಇದು ಪಕ್ಕದ್ಮನೆಯವ್ರಿಗೂ ಹೇಳ್ರಿ, ಅವ್ರೂ ಹಾಕಿರ್ಲಿಕ್ಕಿಲ್ಲ. ಅಡಿಕೆದು ತೆರಿಗೆಗೆ ಬರ್ದಿದ್ರೂ ದರ ಲೆಕ್ಕ ಹಾಕೋಕೆ ಕೂಡಿಸ್ತಾರೆ: 5,25,000ಕ್ಕೆ 3,50,000 ಕೂಡಿಸಿ 8,75,000, ಅದರ ತೆರಿಗೆ 37,500. ಆಮೇಲೆ ಕೃಷಿ 3,50,000ಕ್ಕೆ ಆ ಮಿತಿ 3,00,000 ಸೇರಿಸಿ 6,50,000, ಅದರದು 17,500. ಕಳೆದ್ರೆ 20,000. ಒಟ್ಟು ಆದಾಯ 7 ಲಕ್ಷದೊಳಗೆ ಇರೋದ್ರಿಂದ 87ಎ ರಿಬೇಟ್ 25,000ದವರೆಗೆ ಸಿಗುತ್ತೆ, ಹಂಗಾಗಿ ತೆರಿಗೆ ಸೊನ್ನೆ.

ಈ ಸಲ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ ಒಂದಿನ ಮುಂದೂಡಿ 16ಕ್ಕೆ ಮುಗೀತು. ಈಗ ಬಿಲೇಟೆಡ್ (ತಡವಾಗಿ ಹಾಕೋ) ರಿಟರ್ನ್, ಡಿಸೆಂಬರ್ 31ರವರೆಗೆ. ಆದಾಯ 5 ಲಕ್ಷ ದಾಟಿರೋದ್ರಿಂದ ಲೇಟ್ ಫೀ 5,000 (5 ಲಕ್ಷದೊಳಗಿದ್ರೆ 1,000 ಇರ್ತಿತ್ತು), ಅದು ಟಿಡಿಎಸ್‌ನಾಗೇ ಹೊಂದ್ಕೊಂಡು 7,000 ರಿಫಂಡ್ ಬರ್ಬೇಕು. 31 ದಾಟಿದ್ರೆ ಉಳಿಯೋದು ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್), ಅದ್ರಾಗೆ ರಿಫಂಡ್ ಕೇಳೋಕೇ ಬರಲ್ಲ. ಇನ್ನೊಂದು, ತಡವಾಗಿ ಹಾಕಿದ್ರೆ ಹಳೇ ಪದ್ಧತಿ ಆರಿಸ್ಕೊಳ್ಳೋಕಾಗಲ್ಲ, ನಿಮ್ಮಪ್ಪಾಜಿಗೆ ಅದ್ರಿಂದ ನಷ್ಟ ಇಲ್ಲ, ಆದ್ರೆ ಮನೆ ಸಾಲ, ಎಲ್‌ಐಸಿ ತೋರಿಸೋರಿಗೆ ದೊಡ್ಡ ಹೊಡೆತ.

ಹಳೇಪ್ಯಾಟೆ_ಚಿತ್ರದುರ್ಗ
ತಂಗೀ, ಸರ್ ಹೇಳಿದ್ದು ಎಲ್ಲಾ ಸರಿ, ಒಂದ್ ಮಾತು ನಂದೂ ಕೇಳು. ಹೋದ್ ವರ್ಷ ನಾನು ಒಂದು ಸೆಂಟರ್‌ನಾಗೆ 500 ಕೊಟ್ಟು ರಿಟರ್ನ್ ಹಾಕಿಸ್ದೆ, ಪ್ರಿಂಟ್ ಕೊಟ್ರು, ಮುಗೀತು ಅಂತ ಫೈಲ್‌ನಾಗೆ ಇಟ್ಟೆ. ಮೂರು ತಿಂಗಳಾದ್ರೂ ರಿಫಂಡ್ ಇಲ್ಲ, ನನ್ ಮಗ ಪೋರ್ಟಲ್ ತೆಗೆದು ನೋಡಿದ್ರೆ ಇ-ವೆರಿಫಿಕೇಷನ್ ಬಾಕಿ ಅಂತ ಐತೆ. 30 ದಿನದೊಳಗೆ ವೆರಿಫೈ ಮಾಡ್ದಿದ್ರೆ ಹಾಕಿದ್ದು ಲೆಕ್ಕಕ್ಕೇ ಇಲ್ಲ, ಆಮೇಲೆ ತಡ ಆಗಿದ್ದಕ್ಕೆ ಕಾರಣ ಬರ್ದು ಅರ್ಜಿ ಹಾಕಿ ಒದ್ದಾಡಿದ್ವಿ. ಯಾರ ಹತ್ರ ಹಾಕಿಸಿದ್ರೂ ಎದ್ದು ಬರೋಕ್ ಮುಂಚೆ ಸ್ಕ್ರೀನ್ ಮ್ಯಾಲೆ ವೆರಿಫೈ ಆಗಿದ್ದು ಕಣ್ಣಾರೆ ನೋಡು.

ಚನ್ನಗಿರಿ_ಮಗಳು
ಎಷ್ಟ್ ಉಪಕಾರ ಆತು ಎಲ್ರದೂ. ಅಣ್ಣಾ, ನೀವ್ ಹೇಳಿದ್ಮೇಲೆ ಈಗ್ಲೇ ನೋಡ್ದೆ, ಅಪ್ಪಾಜಿ ಆಧಾರ್‌ಗೆ ಹಳೇ ಸಿಮ್ ನಂಬರ್ ಐತೆ, ಅದು ಬಂದ್ ಆಗಿ ಎರಡ್ ವರ್ಷ ಆತು, ಓಟಿಪಿ ಬರಲ್ಲ. ಇನ್ನೊಂದು, ರಿಫಂಡ್‌ಗೆ ಅಂತ ಖಾತೆ ವ್ಯಾಲಿಡೇಟ್ ಮಾಡೋಕೆ ಹೋದ್ರೆ ಫೇಲ್ ಅಂತ ಬರುತ್ತೆ. ಪ್ಯಾನ್‌ನಾಗೆ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸ್ರು ಐತೆ, ಪಾಸ್‌ಬುಕ್‌ನಾಗೆ ಬರೀ ಇನಿಷಿಯಲ್.

ಲೆಕ್ಕದ_ಪಟ್ಟಿ
ಅದೇ ಕಾರಣ ಇರ್ಬೇಕಮ್ಮ, ಹೆಸ್ರು ತಾಳೆ ಆಗ್ಬೇಕು. ನಾಳೆನೇ ಅಪ್ಪಾಜಿನ ಕರ್ಕೊಂಡು ಬ್ಯಾಂಕಿಗೆ ಹೋಗ್ರಿ, ಪ್ಯಾನ್ ಜೆರಾಕ್ಸ್ ಕೊಟ್ಟು ಹೆಸ್ರು ಪ್ಯಾನ್‌ನಾಗೆ ಇದ್ದಂಗೆ ಮಾಡಿಸ್ರಿ, ಮೊಬೈಲ್ ನಂಬರೂ ಹೊಸದು ಕೊಡ್ರಿ. ಖಾತೆ ವ್ಯಾಲಿಡೇಟ್ ಆದ್ರೆ ಅದರ ಮೂಲಕನೇ ಇವಿಸಿ (ವೆರಿಫೈ ಮಾಡೋ ಕೋಡ್) ಬರುತ್ತೆ, ಆಧಾರ್ ಓಟಿಪಿ ಬೇಡ. ಅದೂ ಆಗ್ಲಿಲ್ಲ ಅಂದ್ರೆ ಐಟಿಆರ್-ವಿ (ರಿಟರ್ನ್ ಹಾಕಿದ ರಸೀದಿ) ಪ್ರಿಂಟ್ ತೆಗೆದು ಅಪ್ಪಾಜಿ ಸಹಿ ಹಾಕಿಸಿ ಬೆಂಗಳೂರು ಸಿಪಿಸಿಗೆ (ರಿಟರ್ನ್ ನೋಡೋ ತೆರಿಗೆ ಇಲಾಖೆ ಕೇಂದ್ರ), ಪಿನ್ 560500, ಸ್ಪೀಡ್ ಪೋಸ್ಟ್ ಮಾಡ್ರಿ, 30 ದಿನದೊಳಗೆ ಅಲ್ಲಿಗೆ ಮುಟ್ಬೇಕು. ಬ್ಯಾಂಕಿಗೆ ಹೋದಾಗ 15ಎಚ್ ಫಾರಂ ಒಂದು ತುಂಬಿ ಕೊಟ್ ಬರ್ರಿ. ಅರವತ್ತು ದಾಟಿ ತೆರಿಗೆ ಸೊನ್ನೆ ಇರೋರು ಅದನ್ನ ವರ್ಷ ವರ್ಷ ಕೊಟ್ರೆ ಬಡ್ಡಿನಾಗೆ ಟಿಡಿಎಸ್ ಹಿಡಿಯಲ್ಲ, ವರ್ಷದ ಮೊದ್ಲೇ ಕೊಟ್ಟಿದ್ರೆ ಈ 12,000 ಹೋಗ್ತಾನೇ ಇರ್ಲಿಲ್ಲ.

ಚನ್ನಗಿರಿ_ಮಗಳು (16 ಡಿಸೆಂಬರ್)
ಹೆಸ್ರು ಸರಿ ಆಗೋಕೆ ನಾಲ್ಕ್ ದಿನ ಹಿಡೀತು, ಇವತ್ತು ಐಟಿಆರ್-2 ಹಾಕಿ ಬ್ಯಾಂಕ್ ಇವಿಸಿನಾಗೆ ವೆರಿಫೈ ಮಾಡ್ದೆ. ರಿಫಂಡ್ ಕಾಲಂನಾಗೆ 7,000 ತೋರಿಸ್ತೈತೆ. 15ಎಚ್‌ನೂ ಕೊಟ್ವಿ. ಅಪ್ಪಾಜಿ ಖೇಣಿ ಚೀಟಿ, ಪಹಣಿ, ಪ್ರಿಂಟು ಎಲ್ಲಾ ಒಂದು ಪ್ಲಾಸ್ಟಿಕ್ ಕವರ್‌ನಾಗೆ ಹಾಕಿ ಮ್ಯಾಲೆ ಪೆನ್ನಿಂದ 2024-25 ಅಂತ ಬರ್ದು ಬೀರುನಾಗೆ ಇಟ್ಟಾರೆ.