ಅಡಿ ತಿರುಗಿಸಿ ನೋಡಿದ್ನಾ?

ಹಳೇ ಸಾಮಾನು ಕೂಡಿಡುವವರ ಜೊತೆ ಕೂತು ಹಳೇ ಸಾಮಾನಿಗೆ ಬೆಲೆ ಕಟ್ಟುವ ಟಿವಿ ಕಾರ್ಯಕ್ರಮ ನೋಡುವುದಿದೆಯಲ್ಲ, ಅದು ನಿವೃತ್ತ ಅಂಪೈರುಗಳ ಜೊತೆ ಕೂತು ಕ್ರಿಕೆಟ್ ನೋಡಿದ ಹಾಗೆ. ಆಟ ಯಾರಿಗೂ ಬೇಕಿಲ್ಲ. ಬೆರಳು ಎತ್ತಿದವನು ಸರಿಯಾಗಿ ಎತ್ತಿದನೋ ಇಲ್ಲವೋ, ಅಷ್ಟೇ.

ನಮ್ಮ ಕೂಟ ಸೇರುವುದು ಬಸವನಗುಡಿಯಲ್ಲಿ, ಗ್ರಾಮಫೋನ್ ಪದ್ದು ಮನೆಯಲ್ಲಿ. ಒಬ್ಬರು ನಾಣ್ಯದ ಶೀನಣ್ಣ, ಬ್ಯಾಂಕಿನಿಂದ ನಿವೃತ್ತರು. ಇನ್ನೊಬ್ಬ ವಾಚಿನ ನಾಗರಾಜ. ಅವನಿಗೆ ಎಚ್‌ಎಂಟಿ ಬಿಟ್ಟರೆ ಜಗತ್ತಿನಲ್ಲಿ ಹೊತ್ತು ತೋರಿಸುವ ವಸ್ತು ಬೇರೆ ಇಲ್ಲ. ಪದ್ದು ಹೆಂಡತಿ ಶಾರದಕ್ಕನದು ಹಿತ್ತಾಳೆ, ತಾಮ್ರ. ನಾನು ಏನನ್ನೂ ಕೂಡಿಡುವುದಿಲ್ಲ. ಅದಕ್ಕೇ ನನ್ನನ್ನು ನಿಷ್ಪಕ್ಷಪಾತಿ ಅನ್ನುತ್ತಾರೆ. ಏನೂ ಗೊತ್ತಿಲ್ಲದವನು ಅನ್ನುವುದಕ್ಕೆ ಅದು ಮರ್ಯಾದೆಯ ಮಾತು.

ಊಟವಾದ ಮೇಲೆ ಪದ್ದು ಯೂಟ್ಯೂಬಿನಲ್ಲಿ ಬಿಬಿಸಿಯ ಆಂಟಿಕ್ಸ್ ರೋಡ್‌ಶೋ ಹಾಕುತ್ತಾನೆ. 1979ರಿಂದ ನಡೆಯುತ್ತಿರುವ ಕಾರ್ಯಕ್ರಮ. ಯಾವುದೋ ಅರಮನೆಯಂಥ ಬಂಗಲೆಯ ಅಂಗಳ, ಮೋಡ ಮುಸುಕಿದ ಆಕಾಶ, ಮನೆಯ ಅಟ್ಟದಿಂದ ಇಳಿಸಿದ ಸಾಮಾನು ಹೊತ್ತು ಸಾಲಿನಲ್ಲಿ ನಿಂತ ಜನ. ಕುತ್ತಿಗೆಗೆ ರುಮಾಲು ಸುತ್ತಿದ ತಜ್ಞರೊಬ್ಬರು ಹೂದಾನಿ ಹಿಡಿದು, 'ಇದನ್ನು ಎಲ್ಲಿಟ್ಟಿದ್ರಿ?' ಅಂತ ಕೇಳುತ್ತಾರೆ. 'ಬಾಗಿಲಿಗೆ ಒತ್ತು ಕೊಟ್ಟಿದ್ವಿ' ಅನ್ನುತ್ತಾಳೆ ಮುದುಕಿ. ಆಮೇಲೆ ಬೆಲೆ. ಮುದುಕಿ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಇದೇ ಕಾರ್ಯಕ್ರಮವನ್ನು ಅಮೆರಿಕದವರು 1997ರಿಂದ ತಮ್ಮ ಪಿಬಿಎಸ್ ವಾಹಿನಿಯಲ್ಲಿ ನಡೆಸುತ್ತಿದ್ದಾರೆ. ಅಲ್ಲಿ ಮುದುಕಿಯರು ಎದೆ ಮುಟ್ಟಿಕೊಳ್ಳುವುದಿಲ್ಲ, ಕಿರುಚುತ್ತಾರೆ.

"ನೋಡಿದ್ಯಾ, ನೋಡಿದ್ಯಾ?" ನಾಗರಾಜ ಸೋಫಾದಿಂದ ಎದ್ದೇಬಿಟ್ಟ. "ವಾಚಿನ ಹಿಂದಿನ ಮುಚ್ಚಳ ತೆಗೀಲೇ ಇಲ್ಲ! ಡಯಲ್ ನೋಡಿ ರೇಟ್ ಹೇಳ್ಬಿಟ್ಟ. ಡಯಲ್ ನೋಡಿ ಹೇಳೋಕೆ ನಮ್ಮ ಮಾವನೇ ಸಾಕು."

"ಕ್ಯಾಮೆರಾ ಇಲ್ಲದಾಗ ತೆಗೆದು ನೋಡಿರ್ತಾರೆ ಕಣೋ," ಅಂದ ಪದ್ದು. "ಸಾವಿರಾರು ಜನ ಬರ್ತಾರೆ, ಕ್ಯಾಮೆರಾ ಮುಂದೆ ಕೂರೋರು ಬೆರಳೆಣಿಕೆ. ಆರಿಸಿ ಕೂರಿಸೋ ಮುಂಚೆ ಪುಸ್ತಕ ತಿರುವಿ, ಪಕ್ಕದೋರನ್ನ ಕೇಳಿ ತಯಾರಾಗೇ ಬಂದಿರ್ತಾರೆ."

"ಹಾಗಿದ್ರೆ ಈಗ ತಾನೇ ಮೊದಲ ಸಲ ನೋಡಿದ ಹಾಗೆ ಹುಬ್ಬೇರಿಸ್ತಾನಲ್ಲ, ಅದೇನು?"

"ಅದು ನಟನೆ. ಅದಕ್ಕೂ ಸಂಬಳ ಇಲ್ಲ ಪಾಪ. ಅಮೆರಿಕದ ಕಾರ್ಯಕ್ರಮದಲ್ಲಿ ತಜ್ಞರು ತಮ್ಮ ಖರ್ಚಿನಲ್ಲೇ ಬಂದು ಹೋಗಬೇಕು. ತಿಂಡಿ ಊಟ ಮಾತ್ರ ಅವರದು."

"ಸಂಬಳ ಇಲ್ಲದೆ ಯಾಕೆ ಬರ್ತಾರೆ?"

"ಟಿವಿಯಲ್ಲಿ ಮುಖ ಕಂಡ್ರೆ ಅವರ ಹರಾಜು ಮಳಿಗೆಗೆ ಗಿರಾಕಿ ಬರಲ್ವೇನೋ?" ಅಂದರು ಶೀನಣ್ಣ. ಬ್ಯಾಂಕಿನವರಿಗೆ ಇಂಥ ಲೆಕ್ಕ ಬೇಗ ಹೊಳೆಯುತ್ತದೆ.

ಆಮೇಲೆ ಗ್ರಾಮಫೋನ್ ಒಂದು ಬಂತು. ಪದ್ದು ರಿಮೋಟು ಕೆಳಗಿಟ್ಟ, ಕನ್ನಡಕ ಹಾಕಿಕೊಂಡ. ಈಗ ಅವನ ಸರದಿ ಅಂತ ನಾವೂ ಸುಮ್ಮನಾದೆವು. ಪದ್ದು ಈ ವಿಷಯದಲ್ಲಿ ನೊಂದ ಜೀವ. ಫಳಫಳ ಹೊಳೆಯುವ ಹಿತ್ತಾಳೆ ಕೊಂಬು, ಎಂಟು ಮೂಲೆಯ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಾಯಿ ಚಿತ್ರದ ಬಿಲ್ಲೆ, ಇಷ್ಟು ಕಂಡರೆ ಅವನಿಗೆ ರಕ್ತದೊತ್ತಡ ಏರುತ್ತದೆ. ಇವೆಲ್ಲ ಇತ್ತೀಚೆಗೆ ನಮ್ಮ ದೇಶದಲ್ಲೇ ತಯಾರಾಗಿ ಜಗತ್ತಿಗೆಲ್ಲ ಹೋಗುತ್ತಿರುವ ಮಾಲು. ಒಳಗೆ ಯಾವುದೋ ಹಳೇ ಸೂಟ್‌ಕೇಸ್ ಗ್ರಾಮಫೋನಿನ ಮೋಟಾರು ಕೂರಿಸಿ, ಹೊರಗೆ ಹೊಸ ಪೆಟ್ಟಿಗೆ ಹೊಡೆದು, ಕೊಂಬು ಸಿಕ್ಕಿಸಿ ಮಾರುತ್ತಾರೆ. ಹೋಟೆಲು ಲಾಬಿಗಳಲ್ಲಿ, ಮದುವೆ ಮಂಟಪಗಳಲ್ಲಿ ನಿಂತಿರುವುದೆಲ್ಲ ಹೆಚ್ಚಾಗಿ ಇವೇ. ಮದುವೆಗೆ ಹೋದರೆ ಪದ್ದು ವಧೂವರರಿಗೆ ಅಕ್ಷತೆ ಹಾಕುವ ಮೊದಲು ಗ್ರಾಮಫೋನಿನ ಕೆಳಗೆ ಬಗ್ಗಿ ನೋಡುತ್ತಾನೆ.

ಟಿವಿಯ ತಜ್ಞ ಮಾತ್ರ ಮೋಸ ಹೋಗಲಿಲ್ಲ. ಅದು ಅಸಲಿಯೇ ಆಗಿತ್ತು. ಪದ್ದುವಿಗೆ ನಿರಾಸೆಯಾಯಿತು.

"ಸರಿಯಾಗೇ ಹೇಳಿದ. ಆದ್ರೆ ಪೆಟ್ಟಿಗೆ ಮರ ಯಾವುದು ಅಂತ ಹೇಳ್ಲಿಲ್ಲ," ಅಂತ ಒಂದು ಅಂಕ ಕಳೆದ.

"ಕುರ್ಚಿ ಮೇಜಿನೋರು ಹೇಳಿರೋರು," ಅಂದ ನಾಗರಾಜ. "ಅವರು ನಿಜವಾಗ್ಲೂ ಪಂಡಿತರು ಬಿಡು. ಹಿಂದೆ ಆರ್ಥರ್ ನೀಗಸ್ ಅಂತ ಒಬ್ರಿದ್ರಲ್ಲ, ಮೇಜಿನ ಮೇಲೆ ಬೆರಳಾಡಿಸ್ತಿದ್ರೆ ನೋಡೋಕೇ ಚೆಂದ. ವಾಚಿನೋರು ಮಾತ್ರ ದಡ್ಡರು."

"ಮೇಜಿನೋರಿಗೆ ಏನು ಗೊತ್ತು ಮಣ್ಣು!" ಪದ್ದು ಕೆರಳಿದ. ಮರದ ವಿಷಯದಲ್ಲಿ ಅವನಿಗೂ ಪಾಂಡಿತ್ಯವುಂಟು. "ನಾಣ್ಯದೋರು ಪರವಾಗಿಲ್ಲ."

"ನಾಣ್ಯದೋರು ಪರವಾಗಿಲ್ವೇ?" ಶೀನಣ್ಣ ನಕ್ಕರು. ಅವರು ನಕ್ಕರೆ ಎದುರಿನವನ ಸಾಲದ ಅರ್ಜಿ ತಿರಸ್ಕೃತವಾದಂತೆ. "ನಾಣ್ಯ ಅಂಗೈಯಲ್ಲಿಟ್ಟುಕೊಂಡು ಮುಖದ ಮೇಲೆ ಹೆಬ್ಬೆರಳು ಒತ್ತಿ ಹಿಡೀತಾರೆ ಕಣಯ್ಯ! ಅಂಚು ಹಿಡೀಬೇಕು ಅನ್ನೋ ಕನಿಷ್ಠ ಜ್ಞಾನ ಇಲ್ಲ. ಪಾತ್ರೆ ಪಡಗದೋರು ಮಾತ್ರ ಚೆನ್ನಾಗಿ ಹೇಳ್ತಾರಪ್ಪ."

ಶಾರದಕ್ಕ ಒಳಗಿನಿಂದ ಕಾಫಿ ತಂದರು. "ಪಾತ್ರೆಯೋರಾ? ನಮ್ಮ ಕಡೆಯ ಪಾತ್ರೆ ಬಂದ್ರೆ, ಯಾತಕ್ಕೆ ಬಳಸ್ತಿದ್ರು ಅಂತ ಗೊತ್ತಾಗದಿದ್ರೆ, ಪೂಜೆಗೆ ಅಂದುಬಿಡ್ತಾರೆ. ನಮ್ಮಜ್ಜಿ ಹಿಂಡಿ ಕಲಸ್ತಿದ್ದ ಬೋಗುಣಿ ತೋರ್ಸಿದ್ರೂ ಯಾವುದೋ ದೇವರ ಅಭಿಷೇಕಕ್ಕೆ ಅಂತಾರೆ." ಲೋಟ ಹಂಚುತ್ತಾ ಮುಂದುವರಿಸಿದರು. "ಹೊಸ ಪಾತ್ರೆಗೆ ಆಸಿಡ್ ಕುಡಿಸಿ ಹಳೇದು ಮಾಡಿರ್ತಾರೆ. ಆಗ ಎಲ್ಲಾ ಕಡೆ ಒಂದೇ ಸಮ ಕಪ್ಪಾಗಿರತ್ತೆ. ನಿಜವಾಗಿ ಬಳಸಿದ್ದು ಕೈ ತಾಗೋ ಕಡೆ ಸವೆದಿರತ್ತೆ, ಕಂಠದ ಒಳಗೆ ಹುಣಸೆಹಣ್ಣು ಹೋಗದ ಕಡೆ ಕೂತಿರತ್ತೆ ಹಳೇ ಕಿಲುಬು. ತೊಳೆದೋರಿಗೆ ಗೊತ್ತಾಗತ್ತೆ ಅದು. ಆ ಮಹಾನುಭಾವರು ಯಾವತ್ತಾದ್ರೂ ತೊಳೆದಿದಾರಾ?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಈ ಕೂಟದಲ್ಲೂ ತೊಳೆದವರು ಅವರೊಬ್ಬರೇ.

"ಒಟ್ಟಿನಲ್ಲಿ ನಂಗೆ ಅರ್ಥವಾಗಿದ್ದು ಇಷ್ಟು," ಅಂದರು ಶಾರದಕ್ಕ. "ವಾಚಿನಲ್ಲಿ ದಡ್ಡರು ಅಂತ ನಾಗರಾಜ. ಮರದಲ್ಲಿ ದಡ್ಡರು ಅಂತ ಇವರು. ನಾಣ್ಯದಲ್ಲಿ ದಡ್ಡರು ಅಂತ ಶೀನಣ್ಣ. ಪಾತ್ರೆಯಲ್ಲಿ ಅಂತ ನಾನು. ಹಾಗಾದ್ರೆ ಈ ಮನೇಲಿ ಯಾರಿಗೂ ಏನೇನು ಗೊತ್ತಿಲ್ವೋ, ಅದರಲ್ಲೆಲ್ಲ ಅವರು ಮಹಾ ಪಂಡಿತರು!"

ನಾನು ಜೋರಾಗಿ ನಕ್ಕೆ. ಉಳಿದವರು ನಗಲಿಲ್ಲ. ನಿಷ್ಪಕ್ಷಪಾತಿಗೆ ಇರುವ ಅನುಕೂಲಗಳಲ್ಲಿ ಇದೂ ಒಂದು.

ನಾಗರಾಜ ಸೋಲೊಪ್ಪುವವನಲ್ಲ. "ತಿರುಗಿಸಿ ನೋಡ್ತಾನೋ ಇಲ್ವೋ, ನನಗೆ ಅದೊಂದೇ ಪರೀಕ್ಷೆ. ಅಮೆರಿಕದ ಕಾರ್ಯಕ್ರಮದಲ್ಲಿ ಕುರ್ಚಿ ಮೇಜು ನೋಡ್ತಿದ್ದ ಆ ಅವಳಿ ಜವಳಿ ಅಣ್ಣತಮ್ಮಂದಿರ ಕತೆ ಗೊತ್ತಲ್ಲ, ಕೀನೋ ಅಂತ? ಒಬ್ಬಾಕೆ ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರ್ತಿದ್ದಾಗ 25 ಡಾಲರಿಗೆ ಇಸ್ಪೀಟು ಮೇಜು ತಂದಿದ್ಲು. ಅವರು ಕೆಳಗೆ ನೋಡಿದ್ರೆ ಬಾಸ್ಟನ್ನಿನ ಸೀಮೋರ್ ಅನ್ನೋ ಬಡಗಿ ಮನೆತನದ ಚೀಟಿ! 1998ರಲ್ಲಿ ಸಾಥಬೀಸ್ ಹರಾಜಿನಲ್ಲಿ ಹೋಗಿದ್ದು 5,41,500 ಡಾಲರಿಗೆ. ಮೇಲಿಂದ ನೋಡಿ ಚೆನ್ನಾಗಿದೆ ಅಂದಿದ್ರೆ ಇವತ್ತಿಗೂ ಆಕೆ ಅದರ ಮೇಲೆ ತರಕಾರಿ ಹೆಚ್ಚುತ್ತಿರೋಳು."

"ತಿರುಗಿಸಿ ನೋಡಿಯೂ ಬಿದ್ದೋರಿದಾರೆ," ಅಂದರು ಶೀನಣ್ಣ. "ಆ ಮುಖದ ಮಡಕೆ?"

ಈ ಮಡಕೆಯ ಕತೆ ಬಂದರೆ ನಮ್ಮ ಕೂಟದಲ್ಲಿ ಹಬ್ಬ. 2016ರಲ್ಲಿ ಅಮೆರಿಕದ ಕಾರ್ಯಕ್ರಮದಲ್ಲಿ ಪ್ರಸಾರವಾದದ್ದು. ಮೈತುಂಬ ವಿಕಾರ ಮುಖಗಳಿರುವ ಒಂದು ಮಣ್ಣಿನ ಜಾಡಿ. ತಂದವನು ಕೊಂಡಿದ್ದು 300 ಡಾಲರಿಗೆ. ತಜ್ಞರು ಅದನ್ನು ಹತ್ತೊಂಬತ್ತನೇ ಶತಮಾನದ ಕೊನೆಯದೋ ಇಪ್ಪತ್ತನೆಯದರ ಮೊದಲಿನದೋ ಅಂದರು, ಮಧ್ಯೆ ಪಿಕಾಸೋ ಹೆಸರೂ ಬಂತು, ಕೊನೆಗೆ 30,000ದಿಂದ 50,000 ಡಾಲರ್ ಅಂತ ಬೆಲೆ ಕಟ್ಟಿದರು. ಪ್ರಸಾರವಾದ ಮೇಲೆ ತಿಳಿದದ್ದು: ಅದನ್ನು ಮಾಡಿದವಳು ಆರೆಗನ್ ರಾಜ್ಯದ ಹೈಸ್ಕೂಲು ಹುಡುಗಿ, 1970ರ ದಶಕದಲ್ಲಿ, ಶಾಲೆಯ ಕುಂಬಾರಿಕೆ ತರಗತಿಯಲ್ಲಿ. ಆಕೆ ಇನ್ನೂ ಬದುಕಿದ್ದಳು, ಚೆನ್ನಾಗಿಯೂ ಇದ್ದಳು. ಬೆಲೆ 3,000ದಿಂದ 5,000ಕ್ಕೆ ಇಳಿಯಿತು.

"ಇಳಿದದ್ದು ಅಂತೀರಲ್ಲ," ಪದ್ದು ನೊಂದುಕೊಂಡ. "ಹೈಸ್ಕೂಲ್ ಕ್ರಾಫ್ಟ್ ಕ್ಲಾಸಿನ ಮಡಕೆಗೆ ಮೂರು ಸಾವಿರ ಡಾಲರ್ ಕಣ್ರೋ! ನಾನು ಎಂಟನೇ ಕ್ಲಾಸಲ್ಲಿ ಮಾಡಿದ ಸೋಪಿನ ಆನೆಯಿಂದ ನಮ್ಮಮ್ಮ ಬಟ್ಟೆ ಒಗೆದುಬಿಟ್ರು."

"ಆದ್ರೂ ಅವರು ತಿದ್ದುಪಡಿ ಹಾಕಿದ್ರಲ್ಲ, ಅದು ಮೆಚ್ಚಬೇಕಾದ್ದು," ಅಂದೆ ನಾನು.

"ತಪ್ಪು ಬೇರೆ, ನಾಟಕ ಬೇರೆ," ಅಂದರು ಶೀನಣ್ಣ. "ಶುರುವಿನ ದಿನಗಳಲ್ಲಿ ಅದೇ ಕಾರ್ಯಕ್ರಮದಲ್ಲಿ ಒಬ್ಬ ಅಮೆರಿಕದ ಅಂತರ್ಯುದ್ಧದ ಕಾಲದ ಕತ್ತಿ ತಂದಿದ್ದ. ಚಿಕ್ಕವನಿದ್ದಾಗ ಅದರಿಂದ ಕಲ್ಲಂಗಡಿ ಕೊಯ್ತಿದ್ದೆ ಅಂದ. ಜನ ಉಘೇ ಅಂದ್ರು. ಆಮೇಲೆ ನೋಡಿದ್ರೆ ತಂದವನೂ ತಜ್ಞರೂ ಮೊದಲೇ ಮಾತಾಡಿಕೊಂಡು ಕಟ್ಟಿದ ಕತೆ. ಟಿವಿಯಲ್ಲಿ ಬಂದ ಹೆಸರಿನಿಂದ ಯೋಧರ ಮನೆತನದೋರನ್ನ ನಂಬಿಸಿ, ಸಾಮಾನು ಅಗ್ಗಕ್ಕೆ ಹೊಡ್ಕೊಂಡು ದುಬಾರಿಗೆ ಮಾರಿದ್ರು. ಕೇಸಾಗಿ ಒಬ್ಬ ಜೈಲಿಗೂ ಹೋದ. ನನ್ನ ಪರೀಕ್ಷೆ ಇದು: ಬೆಲೆ ಹೇಳಿದೋನೇ ಕೊಳ್ಳೋಕೆ ಬಂದ್ರೆ ಎದ್ದು ಬಾಗಿಲು ಹಾಕ್ಕೋಬೇಕು."

"ಹಾಗಾದ್ರೆ ಲಾಸ್ ವೇಗಸ್ಸಿನ ಆ ಗಿರವಿ ಅಂಗಡಿಯವರು? ಪಾನ್ ಸ್ಟಾರ್ಸ್ ಅನ್ನೋ ಟಿವಿ ಕಾರ್ಯಕ್ರಮದೋರು? ಅಲ್ಲಿ ಕೊಳ್ಳೋನೇ ತಜ್ಞನನ್ನ ಕರೆಸ್ತಾನೆ," ಅಂದೆ.

"ತಜ್ಞ ಬಂದು ಇದು ಎಂಟು ಸಾವಿರ ಬಾಳತ್ತೆ ಅಂತಾನೆ. ಅಂಗಡಿಯೋನು ಮೂರು ಕೊಡ್ತೀನಿ ಅಂತಾನೆ. ನಮ್ಮ ಚಿಕ್ಕಪೇಟೆಯೋರು ತಜ್ಞನ ಖರ್ಚಿಲ್ಲದೇನೇ ಮೂರು ಅಂತಾರೆ."

ಇಷ್ಟರಲ್ಲಿ ಶೀನಣ್ಣನ ಫೋನು ಹೊಡೆದುಕೊಂಡಿತು. ದೂರದ ನೆಂಟರು. ಮನೆ ಬದಲಾಯಿಸುವಾಗ ಕಂಪನಿ ಸರ್ಕಾರದ ನಾಣ್ಯ ಸಿಕ್ಕಿದೆ, ಒಂದು ಕಡೆ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇಸವಿ, ಕೋಟಿ ಬೆಲೆಯಂತೆ, ಹೌದಾ? ಶೀನಣ್ಣ ಕಣ್ಣು ಮುಚ್ಚಿಕೊಂಡರು. ಹನುಮಂತನ ಚಿತ್ರವಿರುವ ನಾಣ್ಯವನ್ನು ಕಂಪನಿ ಹೊಡೆಸಿಯೇ ಇಲ್ಲ, ಇವೆಲ್ಲ ಆಮೇಲೆ ಯಾರೋ ಅಚ್ಚು ಹಾಕಿ ಮಾರಿದ ಬಿಲ್ಲೆಗಳು, ದೇವರ ಮನೆಯಲ್ಲಿಡಿ, ಅದಕ್ಕೇನೂ ದೋಷವಿಲ್ಲ ಅಂತ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದರು. ಆ ಕಡೆಯವರು, 'ನಿಮಗೆ ಗೊತ್ತಿಲ್ಲ ಬಿಡಿ, ಟಿವಿಯವರನ್ನ ಕೇಳ್ತೀವಿ' ಅಂತ ಫೋನಿಟ್ಟರು.

"ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೂ ಹೀಗೇ," ಅಂದರು ಶೀನಣ್ಣ. "ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಳಿಸಿ ಅಂತ ಹೇಳಿ ಜನರ ದುಡ್ಡು ತಿಂತಾರೆ. ನಂಬಬೇಡಿ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡ್ತು. ರಿಸರ್ವ್ ಬ್ಯಾಂಕ್ ಮಾತು ನಂಬದೋರು ನನ್ನ ಮಾತು ನಂಬ್ತಾರಾ?"

"ಅಂಥ ಕಾರ್ಯಕ್ರಮ ನಮ್ಮಲ್ಲಿ ನಡೆಸಿದ್ರೆ ಹೇಗಿರತ್ತೆ?" ಅಂದೆ.

"ಲಾಲ್‌ಬಾಗಲ್ಲಿ ಪೆಂಡಾಲ್ ಹಾಕಿದ್ರೆ ಅರ್ಧ ಜನ ಹನುಮಂತನ ಬಿಲ್ಲೆ ತರ್ತಾರೆ," ಅಂದ ನಾಗರಾಜ. "ಕಾಲು ಭಾಗ, ಅಕ್ಕಿಕಾಳನ್ನ ತಾನಾಗೇ ಎಳ್ಕೊಳ್ಳತ್ತೆ ಅಂತ ಮೋಸಗಾರರು ನಂಬಿಸಿ ಮಾರೋ ತಾಮ್ರದ ಚೊಂಬು ತರ್ತಾರೆ, ಅವರ ಹಿಂದೇನೇ ಪೊಲೀಸರು. ಉಳಿದೋರು ಮುಂಬೈಯಲ್ಲಿ ಹೊಸ ಡಯಲ್ ಬರೆಸಿದ ಎಚ್‌ಎಂಟಿ ಪೈಲಟ್ ತಂದು ತಾತಂದು ಅಂತಾರೆ. ಡಯಲ್ ಮೇಲಿನ ಅಕ್ಷರ ದಪ್ಪಗೆ ಹರಡಿರತ್ತೆ, ಮುಳ್ಳು ಒಂದು ಮಾಡೆಲಿಂದು, ಕೇಸ್ ಇನ್ನೊಂದರದ್ದು. ಬೆಂಗಳೂರಿನ ಫ್ಯಾಕ್ಟರಿ ಶುರುವಾಗಿದ್ದೇ 1961ರಲ್ಲಿ, ಅವರ ತಾತ ಅದನ್ನ ಕಟ್ಕೊಂಡು ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿದ್ರಂತೆ!"

"ಅಕಸ್ಮಾತ್ ಯಾರಾದ್ರೂ ನಿಜವಾದ ಹಳೇ ವಿಗ್ರಹ ತಂದ್ರೆ ಇನ್ನೂ ಫಜೀತಿ," ಅಂದರು ಶೀನಣ್ಣ. "1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ರೆ ಅದು ಪುರಾತನ ವಸ್ತು, ಹಸ್ತಪ್ರತಿಯಾದ್ರೆ ಎಪ್ಪತ್ತೈದಕ್ಕೇ. ವಿಗ್ರಹ ಗಿಗ್ರಹ ಇದ್ರೆ ನೋಂದಾಯಿಸಿರಬೇಕು. ಬೆಲೆ ಎಷ್ಟು ಅಂತ ಕೇಳೋಕೆ ಬಂದೋರನ್ನ ನೋಂದಣಿ ಪತ್ರ ಎಲ್ಲಿ ಅಂತ ಕೇಳ್ತಾರೆ. ಮುದುಕಿ ಆಗಲೂ ಎದೆ ಮೇಲೆ ಕೈ ಇಟ್ಕೋತಾಳೆ."

ನನಗೆ ಒಂದು ಅನುಮಾನ ಉಳಿದಿತ್ತು. ಇಷ್ಟೆಲ್ಲ ಬೈಯುತ್ತಾರೆ, ಆದರೂ ಒಂದು ಕಂತನ್ನೂ ಬಿಡುವುದಿಲ್ಲ. ಇವರು ಮನಸಾರೆ ಒಪ್ಪಿದ ತಜ್ಞ ಒಬ್ಬನಾದರೂ ಇದ್ದಾನೆಯೇ? ಕೇಳಿಯೇಬಿಟ್ಟೆ.

"ಇದಾನೆ," ಅಂದ ಪದ್ದು. "ಬಿಬಿಸಿಯಲ್ಲಿ ಗಾಜಿನ ಸಾಮಾನು ನೋಡ್ತಾರಲ್ಲ, ಆ್ಯಂಡಿ ಮೆಕಾನೆಲ್."

ಉಳಿದ ಮೂವರೂ ಒಟ್ಟಿಗೆ ತಲೆಯಾಡಿಸಿದರು. ಈ ಮನೆಯಲ್ಲಿ ಇಂಥ ಒಮ್ಮತ ನಾನು ಕಂಡಿದ್ದಿಲ್ಲ.

2016ರಲ್ಲಿ ಕಾರ್ನ್‌ವಾಲಿನ ಟ್ರೆಲಿಸಿಕ್ ಅನ್ನುವ ಕಡೆ ಒಬ್ಬರು ಮೊಹರು ಬಿದ್ದ ಹಳೇ ಸೀಸೆ ತಂದಿದ್ದರು, ಮನೆಯ ಹೊಸ್ತಿಲ ಬಳಿ ನೆಲದಲ್ಲಿ ಹೂತದ್ದು. ಒಳಗೆ ಕಂದು ದ್ರವ. ಮೆಕಾನೆಲ್ ಅದನ್ನು ಸಿರಿಂಜಿನಲ್ಲಿ ಎಳೆದು, ಕ್ಯಾಮೆರಾ ಮುಂದೆಯೇ ನಾಲಿಗೆಗೆ ಹಾಕಿಕೊಂಡು ಚಪ್ಪರಿಸಿದರು. ಪೋರ್ಟ್ ವೈನು ಇರಬೇಕು ಅಂದರು, ಅಥವಾ ಕೆಂಪು ವೈನು, ಇಲ್ಲವಾದರೆ ತುಕ್ಕು ಹಿಡಿದ ಮೊಳೆ. ಸೀಸೆ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಯಿತು. 2019ರಲ್ಲಿ ನಿರೂಪಕಿ ಫಿಯೋನಾ ಬ್ರೂಸ್ ಅವರನ್ನೇ ಎದುರಿಗೆ ಕೂರಿಸಿಕೊಂಡು ವರದಿ ಹೇಳಿದರು: ಮೂತ್ರ, ಚೂರು ಮದ್ಯ, ಹಿತ್ತಾಳೆ ಪಿನ್ನು, ಮನುಷ್ಯರ ಕೂದಲು. ಮನೆಗೆ ಮಾಟ ತಾಗದಿರಲಿ ಅಂತ ಹಿಂದಿನವರು ಹೂಳುತ್ತಿದ್ದ ಸೀಸೆ ಅದು.

"ಬೆಲೆ ಕಟ್ಟೋರು ಊರಿಗೆ ಸಾವಿರ," ಅಂದರು ಶೀನಣ್ಣ, ಭಾವುಕರಾಗಿ. "ಕುಡಿದು ನೋಡೋನು ಒಬ್ಬ. ಮೂರು ವರ್ಷ ಆದ್ಮೇಲೆ ಬಂದು ಕೂತು, ಅದೇ ಟಿವಿಯಲ್ಲಿ ಕೇಳಿಸ್ಕೊಂಡ ನೋಡು!"

"ನಾನು ಒಪ್ತೀನಿ," ಅಂದ ನಾಗರಾಜ.

ಶಾರದಕ್ಕ ಖಾಲಿ ಲೋಟಗಳನ್ನು ತಟ್ಟೆಗೆ ಪೇರಿಸುತ್ತಿದ್ದವರು ಕೈ ನಿಲ್ಲಿಸಿದರು.

"ಅದೆಲ್ಲ ಸರಿ. ಬಾಯಿಗೆ ಹಾಕ್ಕೊಂಡ ತಕ್ಷಣ ಪೋರ್ಟ್ ವೈನ್ ಅಂತ ಗುರುತು ಹಿಡಿದ್ರಲ್ಲ, ಹಾಗಾದ್ರೆ ಆ ಮನುಷ್ಯ ಅದಕ್ಕೆ ಮುಂಚೆ ಕುಡೀತಿದ್ದ ಪೋರ್ಟ್ ಯಾವ ಅಂಗಡಿದು?"